ಉಬ್ಬಿದ ಮೊಬೈಲು

ವಿಜ್ಞಾನವು ಮನುಷ್ಯನನ್ನು ಅಜ್ಞಾನದಿಂದ ಬಿಡಿಸುತ್ತದೆ. ಮೂಡಲಗಿಯ ನಮ್ಮ ಮನೆಗೆ ಬರಲು ಮಾತ್ರ ಅದಕ್ಕೆ ಬಿಡುವಾಗಿರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನನ್ನ ಮೊಬೈಲಿನ ಬೆನ್ನು ನೋಡಿ, "ಬ್ಯಾಟರಿ ಉಬ್ಬೇತ್ರಿ. ಚಾರ್ಜಿಗಿ ಹಾಕಬ್ಯಾಡ್ರಿ, ಒತ್ತಬ್ಯಾಡ್ರಿ. ಅಂಗಡಿಗಿ ಕೊಟ್ಟ ಬರ್ರಿ," ಎಂದಳು.

"ರೊಟ್ಟಿ ಉಬ್ಬಿದ್ರ ಹಿಗ್ತಿ, ಇದು ಉಬ್ಬಿದ್ರ ಅಂಜ್ತಿ," ಎಂದೆ. ಉಬ್ಬಿದ ರೊಟ್ಟಿಯನ್ನು ಬಟ್ಟೆಯಿಂದ ಒತ್ತುವ ಹಾಗೆ, ಅವಳೆದುರೇ ಮೊಬೈಲನ್ನು ಅಂಗೈಯಿಂದ ಗಂಭೀರವಾಗಿ ಒತ್ತಿದೆ.

ಅದು ಬುಸ್ಸೆಂದು ಹೊಗೆ ಉಗುಳಿ ಹೊತ್ತಿಕೊಂಡಿತು. ನಾನು ಅಲ್ಲೇ ಬಿಟ್ಟು ಹೊರಗೋಡಿದೆ. ಮನೆ ಹತ್ತೀತೆಂದು ಅವಳು ಬರಿಗೈಯಲ್ಲೇ ಎತ್ತಿ ಅಂಗಳಕ್ಕೆಸೆದಳು.

ಕೇಳಿದವರಿಗೆಲ್ಲ ಆಕೆ, "ರೊಟ್ಟಿ ಸುಡುವಾಗ ಕೈ ಸುಟ್ಕೊಂಡ್ನಿರಿ," ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ.

ಅವಳ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.