ಗಂಟಿದ್ದ ಪೈನ್ ಹಲಗೆ

ಅತ್ತೆ ಉಡುಪಿಯಿಂದ ಬಂದು ಪರರಾಜ್ಯದ ವರ್ತಕ ನಗರದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ನಿಂತ ವರ್ಷ, ಅವರಿಗೂ ಮಗಳಿಗೂ ಸೇರಿ ಮೇಲೊಂದು ಕೆಳಗೊಂದು ಹಾಸಿಗೆಯ ಮಂಚ ಮಾಡಿಸಿದೆವು. ಬಡಗಿ ಪೈನ್ ಹಲಗೆ ತಂದ. ವಿದೇಶದಿಂದ ಯಂತ್ರ ಬಂದ ಪೆಟ್ಟಿಗೆಗಳನ್ನು ಬಿಚ್ಚಿದ ಮರ. ಹಗುರ, ಉಗುರು ಒತ್ತಿದರೂ ಗುರುತು ಬೀಳುವಷ್ಟು ಮೆದು. ಕೀಸುಳಿ ಎಳೆದಾಗ ಮನೆಯೆಲ್ಲ ರಾಳದ ವಾಸನೆ.

ಒಂದು ಹಲಗೆಯ ನಡುವೆ ಕಾಫಿ ಬಣ್ಣದ ದೊಡ್ಡ ಗಂಟಿತ್ತು. ಬಡಗಿ ಅದನ್ನು ಬದಿಗಿಟ್ಟ. "ಭಾಭೀ, ಯೇ ಗಾಂಠ್‌ವಾಲಾ ಬೋಜ್ ನಹೀ ಲೇಗಾ. ಗಂಟಿನದ್ದು ಭಾರ ತಡೆಯೋದಿಲ್ಲ, ಶೆಲ್ಫ್‌ಗೆ ಹಾಕ್ತೇನೆ."

ನನಗೋ ಅದೇ ಚಂದ ಕಂಡಿತ್ತು. ಮೇಲಿನ ಹಾಸಿಗೆಯ ಮುಂದಿನ ಪಟ್ಟಿಗೆ ಅದನ್ನೇ ಹಾಕಿಸಿದೆ. ಗಂಡನಿಗೆ ಹೇಳಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕೆಳಗೆ ಅತ್ತೆ ಮಲಗಿದ್ದರು, ಮೇಲೆ ಮಗಳು ಹೋಂವರ್ಕ್ ಮಾಡುತ್ತಿದ್ದಳು. ಬೀನ್ಸ್ ಹೆಚ್ಚುತ್ತಿದ್ದ ನನಗೆ 'ಟಪ್' ಎಂದು ಕೇಳಿಸಿತು. ನೋಡಿದರೆ ಗಂಟಿನ ಬುಡದಿಂದ ಸೀಳು ಓಡುತ್ತಿದೆ. ಹಾಸಿಗೆ ನಾಲ್ಕು ಬೆರಳು ಕುಸಿದಿದೆ. ಓಡಿಹೋಗಿ ಪಟ್ಟಿಗೆ ಹೆಗಲು ಕೊಟ್ಟೆ.

"ಮಮ್ಮಿ, ಕ್ಯಾ ಹುವಾ?"

"ಅಲುಗಾಡಬೇಡ. ಅಲ್ಲೇ ಇರು. ಅತ್ತೇ, ಹೊರಗೆ ಬನ್ನಿ, ಬೇಗ!"

"ಎಂತ ಮಾರಾಯ್ತಿ ಗಲಾಟೆ?" ಎಂದರು ಅತ್ತೆ. ತಲೆಯೆತ್ತಿ ನೋಡಿದವರೇ ಏಳಲು ಹೊರಟರು. ಅವರ ಮೊಣಕಾಲು ಮಡಚುತ್ತಿರಲಿಲ್ಲ. ಅಂಗೈ ಊರಿ, ಕುಂಡೆ ಎಳೆದುಕೊಂಡು, ಇಂಚಿಂಚಾಗಿ ನೆಲಕ್ಕಿಳಿದರು. ನನ್ನ ಹೆಗಲಿಗೆ ಸಿಬಿರು ಚುಚ್ಚಿತ್ತು. ಮರ ಇನ್ನೊಮ್ಮೆ ಸದ್ದು ಮಾಡಿತು.

"ಈಗ ನೀನು. ಗೋಡೆಗೆ ಒತ್ತಿಕೊಂಡೇ ಏಣಿ ಹತ್ತಿರ ಹೋಗು."

ಮಗಳು ಅಳುತ್ತಲೇ ತೆವಳಿದಳು. ಅವಳ ಕಾಲು ನೆಲ ಮುಟ್ಟಿದ ಮೇಲೆ ನಾನು ಹಿಂದೆ ಸರಿದೆ. ಹಲಗೆ, ಹಾಸಿಗೆ, ಪುಸ್ತಕ ಎಲ್ಲ ಅತ್ತೆಯ ದಿಂಬಿನ ಮೇಲೆ ಬಿದ್ದವು.

ಸಂಜೆ ಗಂಡ ಬಡಗಿಯನ್ನು ಬೈಯಲು ಫೋನ್ ತೆಗೆದರು. ಕೈ ಹಿಡಿದು ತಡೆದೆ. "ಅವನು ಬೇಡ ಅಂದಿದ್ದ. ನಾನೇ ಹಠ ಮಾಡಿ ಹಾಕಿಸಿದ್ದು."

ಅವರು ಫೋನ್ ಕೆಳಗಿಟ್ಟರು. ಅತ್ತೆ ಮೊಣಕಾಲು ನೀವಿಕೊಳ್ಳುತ್ತ, "ಚಂದ ನೋಡಿ ಹಾಕಿಸಿದ್ಯಾ? ಆಯ್ತು, ಅವನನ್ನು ಕರಿ. ಬಾಕಿ ಹಲಗೆಯನ್ನೂ ಒಮ್ಮೆ ನೋಡ್ಲಿ" ಎಂದರು.

ಬಡಗಿ ಬಂದು, ಉದ್ದಕ್ಕೂ ನೇರ ಎಳೆಯಿದ್ದ ಹಲಗೆ ಜೋಡಿಸಿ, ನಡುವೆ ಇನ್ನೊಂದು ಕಾಲು ಕೊಟ್ಟ. ಗಂಟಿದ್ದ ತುಂಡನ್ನು ಮೊದಲಿನಂತೆಯೇ ಬದಿಗಿಟ್ಟ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಮಗಳು ಆ ದಿನವೇ ಹತ್ತಿದಳು. ಅತ್ತೆ ಒಂದು ವಾರ ನೆಲದ ಮೇಲೆ ಚಾಪೆ ಹಾಸಿಕೊಂಡರು. ಎಂಟನೆಯ ದಿನ ಮಧ್ಯಾಹ್ನ ತಾವಾಗಿಯೇ ಮಂಚಕ್ಕೆ ಮರಳಿದರು. ಅವರು ಏಳುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.