ಅವಳ ಕಾಲುರಿಗೆ ನನ್ನ ಹಾಜರಿ

ನಮ್ಮ ಅಜ್ಜಂಪುರದ ಕಡೆ ಮದುವೆಗಾಗಲಿ, ಪಂಚಾಯ್ತಿಗಾಗಲಿ ಕರೆದರೆ ಮನೆಗೊಬ್ಬ ಗಂಡಸು ಹೋಗುತ್ತಾನೆ. ಅವನು ಹೋದರೆ ಇಡೀ ಮನೆಯೇ ಹೋದಂತೆ ಲೆಕ್ಕ. ಕಡೂರಿನಿಂದ ಬಂದ ಡಾಕ್ಟರಮ್ಮನಿಗೆ ಇದು ಗೊತ್ತಿರಲಿಲ್ಲ. ಡೈರಿ ಮುಂದೆ ಮೈಕ್ ಹಿಡಿದು, "ಶುಗರ್‌ನಿಂದ ಕಾಲುರಿ ಇರೋರಿಗೆ ಹೊಸ ಮಾತ್ರೆ ಸ್ಟಡಿ ಮಾಡ್ತಿದೀವಿ. ಇಷ್ಟು ದಿನ ಪಟ್ಟಣದವರೇ ಸೇರ್ತಿದ್ರು. ಈ ಸಲ ಹಳ್ಳಿಯವ್ರೂ ಬೇಕು, ಅದ್ರಲ್ಲೂ ಹೆಂಗಸರು" ಎಂದು ಕೂಗಿ ಹೋದರು. ಮಾರನೇ ದಿನ ಸಮುದಾಯ ಭವನದ ತುಂಬಾ ಬರೀ ಪಂಚೆಗಳು.

"ರೋಗಿಗಳೆಲ್ಲಿ?" ಎಂದರು ಡಾಕ್ಟರಮ್ಮ.

"ಮನೇಲವ್ರೆ ಕಣವ್ವ. ನಾವ್ ಬಂದಿದೀವಲ್ಲ, ಅದೇನ್ ಕೇಳ್ತೀಯೋ ಕೇಳು" ಎಂದೆ, ಮುಂದಿನ ಸಾಲಿನಿಂದ. ತರೀಕೆರೆಯವರೆಗೂ ಹೆಸರಾದ ಬಾಯಿ ನನ್ನದು.

"ನಿಮ್ಮ ಮನೆಯವ್ರಿಗೆ ಉರಿ ಯಾವಾಗ ಜಾಸ್ತಿ?"

"ನಾನ್ ಮಾತಾಡ್ಸಿದಾಗ."

ಸಭೆ ನಕ್ಕಿತು, ಆಕೆ ನಗಲಿಲ್ಲ. ನಾನು ಬಿಡುವವನೇ? ಚಪ್ಪಲಿ ಕಳಚಿ ಕಾಲು ಚಾಚಿದೆ. "ಇಬ್ರೂ ಉಣ್ಣೋದು ಒಂದೇ ಮುದ್ದೆ. ನನ್ ಕಾಲನ್ನೇ ಪರೀಕ್ಷೆ ಮಾಡು."

ಸೂಜಿಯಂಥದ್ದೇನನ್ನೋ ಪಾದಕ್ಕೆ ತಾಗಿಸಿದರು. ಕುರ್ಚಿ ಸಮೇತ ಹಾರಿದೆ.

"ಯಜಮಾನ್ರೇ, ನಿಮ್ಮ ಕಾಲಿಗೇನೂ ಆಗಿಲ್ಲ. ಮಾತ್ರೆ ನುಂಗೋರು ಅವ್ರು, ಒಪ್ಪಬೇಕಾದೋರೂ ಅವ್ರೇ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕಡೂರಿಗೆ ಕಳ್ಸಿ. ಸೇರೋಕೆ ನಾಳೆಗೇ ಕೊನೆ."

ಮನೆಗೆ ಬಂದು ನನ್ನ ಪರಾಕ್ರಮ ಬಣ್ಣಿಸಿದೆ. ಹೆಂಡತಿ ಒದ್ದೆ ಗೋಣಿಚೀಲದ ಮೇಲೆ ಪಾದ ಇಟ್ಟುಕೊಂಡೇ ಮುದ್ದೆ ತಿರುವುತ್ತಿದ್ದಳು. ಹಾಗಿಲ್ಲದಿದ್ದರೆ ಉರಿ ತಡೆಯಲಾರಳು.

"ನಂಗ್ ಯಾವಾಗ್ ಉರೀತದೆ ಅಂತ ನಿಮ್ಗೇನ್ರೀ ಗೊತ್ತು, ಗೊರ್ಕೆ ಹೊಡ್ಯೋರಿಗೆ?"

"ಹಂಗಾದ್ರೆ ನೀನೇ ಹೋಗ್ ಬಾರೇ."

"ಹೋಗ್ಬೇಕು ಅಂತ್ಲೇ ಆಸೆ. ಬಸ್ ಇರೋದು ಹಾಲ್ ಕರ್ಯೋ ಹೊತ್ಗೆ. ಹಸು ನೀವ್ ಕರೀತೀರಾ?"

ನಮ್ಮ ಹಸು ಅವಳೊಬ್ಬಳಿಗೇ ಹಾಲಿಳಿಸುವುದು. ಕರೆಯದಿದ್ದರೆ ಕೆಚ್ಚಲು ಬಾವು. ಹಳ್ಳಿ ಹೆಂಗಸರು ಯಾಕೆ ಬರುವುದಿಲ್ಲ ಎಂದು ಕಡೂರಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆದಿತ್ತಂತೆ. ನಮ್ಮ ಹಸುವನ್ನು ಯಾರೂ ಕೇಳಿರಲಿಲ್ಲ.

"ನಿನ್ ಹಳೇ ಸೀರೆ ಕೊಡೇ" ಎಂದೆ.

ಬೆಳಿಗ್ಗೆ ಅದನ್ನುಟ್ಟು, ತಲೆ ತುಂಬಾ ಸೆರಗು ಹೊದ್ದು, ಕೆಚ್ಚಲ ಬಳಿ ಕುಕ್ಕರುಗಾಲಲ್ಲಿ ಕೂತೆ. ಹಸು ತಿರುಗಿ ಸೀರೆ ಮೂಸಿತು. ಮೀಸೆ ಹತ್ತಿರ ಬಂದು ಅನುಮಾನಪಟ್ಟಿತು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕದಲಲಿಲ್ಲ.

"ಹೋಗೇ, ನಾನ್..."

"ಮಾತಾಡ್ಬೇಡಿ ಕಣ್ರೀ! ದನಿ ಕೇಳಿದ್ರೆ ಒದ್ದುಬಿಡುತ್ತೆ."

ಹುಟ್ಟಿದಾಗಿನಿಂದ ಯಾರೂ ಮುಚ್ಚಿಸಲಾಗದ ಬಾಯನ್ನು ಮುಚ್ಚಿಕೊಂಡೆ. ಚೊಂಬಿನೊಳಗೆ ಚರ್ರೆಂದು ಹಾಲಿಳಿಯಿತು. ಹೆಮ್ಮೆಯಿಂದ ತಿರುಗಿ ನೋಡಿದರೆ ಬಾಗಿಲು ಖಾಲಿ. ಉರಿಗಾಲಲ್ಲೇ ಅವಳು ಬಸ್ಸಿಗೆ ಓಡುತ್ತಿದ್ದಳು.