ಹಡಗಿನವರ ಮನೆಯವರಿಗೆ ಏನೆಂದು ಹೇಳುವುದು

ಕೊಲ್ಲಿಯಲ್ಲಿ ಯುದ್ಧ ಶುರುವಾಗಿ ಕೆಲವು ವಾರ ಕಳೆದಿದ್ದವು. ಮಾಟುಂಗದ ನನ್ನ ಕ್ಲಿನಿಕ್ಕಿಗೆ ಒಂದು ಫೋನ್ ಬಂತು. ಮಾತಾಡಿದವಳು ಹಡಗುಗಳಿಗೆ ಸಿಬ್ಬಂದಿ ಕಳಿಸುವ ಕಂಪನಿಯೊಂದರ ಎಚ್‌ಆರ್ ಮ್ಯಾನೇಜರ್, ದನಿಯಿಂದ ಇನ್ನೂ ಚಿಕ್ಕ ವಯಸ್ಸಿನವಳು ಅನಿಸಿತು. ಅವರ ಕೆಲವು ಹಡಗುಗಳು ಯುದ್ಧದ ನೀರಿನಲ್ಲಿ ಸಿಕ್ಕಿಕೊಂಡಿದ್ದವು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಲಂಗರು ಹಾಕಿ ನಿಂತಿದ್ದವು. ಹಡಗಿನಲ್ಲಿದ್ದವರ ಮನೆಯವರು ಹೊತ್ತುಗೊತ್ತಿಲ್ಲದೆ ಆಫೀಸಿಗೆ ಫೋನ್ ಮಾಡಿ ಅಳುತ್ತಾರೆ, ಬೈಯುತ್ತಾರೆ. ಅವರ ಜೊತೆ ಹೇಗೆ ಮಾತಾಡಬೇಕೋ ನಮ್ಮವರಿಗೆ ತಿಳಿಯುತ್ತಿಲ್ಲ, ನೀವು ಬಂದು ತರಬೇತಿ ಕೊಡಬೇಕು ಎಂದಳು.

ನನಗೆ ನಿಜಕ್ಕೂ ಸಂತೋಷವಾಯಿತು. ನಾನು ಮನಶ್ಶಾಸ್ತ್ರಜ್ಞೆ. ದೊಡ್ಡ ಆಘಾತವಾದಾಗ ಜನರೊಂದಿಗೆ ಮೊದಲು ಮಾತಾಡುವವರು ನಮ್ಮಂಥವರಲ್ಲ. ಪೊಲೀಸರು, ನರ್ಸ್‌ಗಳು, ಕೌಂಟರಿನ ಹಿಂದೆ ಕೂತ ಗುಮಾಸ್ತರು. ಅವರಿಗೆ ಕಲಿಸೋಣ ಎಂದು ನಾನು ಎಷ್ಟೋ ವರ್ಷಗಳಿಂದ ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೆ. ಈಗ ಇವರೇ ಕೇಳಿಕೊಂಡು ಬಂದಿದ್ದರು.

"ಎಷ್ಟು ದಿನದ ತರಬೇತಿ?" ಎಂದೆ.

"ದಿನ ಅಲ್ಲ ಮ್ಯಾಮ್. ಲಂಚ್‌ಗೆ ಮೊದಲು ಮುಗಿಸಿಬಿಟ್ಟರೆ ಒಳ್ಳೇದು. ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಅಂತ ಹೆಸರಿಡೋಣ್ವಾ?"

ಯಾರ ಸ್ಟ್ರೆಸ್ಸು ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಬಂದ ಅವಕಾಶ ಕೈತಪ್ಪಿದರೆ ಎಂಬ ಆಸೆಬುರುಕತನ.

ವಿಲೆ ಪಾರ್ಲೆಯಲ್ಲಿ ಅವರ ಆಫೀಸು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸಿ ಕಾಯಬೇಕು. ಮೊದಲು ದೀಪ ಬೆಳಗುವ ಕಾರ್ಯಕ್ರಮವಿತ್ತು. ಕೋಣೆಯಲ್ಲಿ ಹೊಗೆ ಪತ್ತೆ ಹಚ್ಚುವ ಯಂತ್ರ ಇದ್ದುದರಿಂದ ಬ್ಯಾಟರಿ ದೀಪ. ನಾನು ಸ್ವಿಚ್ ಒತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ದೊಡ್ಡ ಸಾಹೇಬರ ಭಾಷಣ. ಸಮುದ್ರದ ಅಲೆಗಳ ಹಾಗೆ ನಾವು ಏಳಬೇಕು ಎಂದೇನೋ ಹೇಳಿದರು. ಆಮೇಲೆ ನನಗೆ ಹೂಗುಚ್ಛ. ಅರ್ಧ ಬೆಳಗು ಇದರಲ್ಲೇ ಹೋಯಿತು.

ಇಷ್ಟೂ ಹೊತ್ತು ಮೇಜಿನ ಮೇಲೆ ಅವರ ಫೋನುಗಳು ಹೊಡೆದುಕೊಳ್ಳುತ್ತಲೇ ಇದ್ದವು. ಒಬ್ಬೊಬ್ಬರೂ ಎತ್ತಿ ನೋಡುವುದು, ಕಟ್ ಮಾಡುವುದು, ಬೋರಲು ಇಡುವುದು.

"ಯಾರ ಫೋನು?" ಎಂದು ಪಕ್ಕದಲ್ಲಿದ್ದವಳನ್ನು ಕೇಳಿದೆ.

"ಫ್ಯಾಮಿಲಿದು ಮ್ಯಾಮ್. ಹಡಗಿನವರ ಮನೆಯವರು. ಟ್ರೈನಿಂಗ್ ನಡೀತಿದೆಯಲ್ಲ, ಅದಕ್ಕೆ ಕಟ್ ಮಾಡ್ತಾ ಇದೀವಿ."

ಮನೆಯವರ ಜೊತೆ ಮಾತಾಡಲು ಕಲಿಯುವುದಕ್ಕಾಗಿ ಮನೆಯವರ ಫೋನು ಕಟ್ ಮಾಡುತ್ತಿದ್ದಾರೆ! ನಗಬೇಕೋ ಕೂಗಾಡಬೇಕೋ ತಿಳಿಯದೆ ನೀರು ಕುಡಿದೆ.

ಸ್ಲೈಡುಗಳನ್ನು ಬದಿಗಿಟ್ಟು ನಾನೇ ಹಡಗಿನವನ ಹೆಂಡತಿಯಾದೆ. ಪಕ್ಕದವಳಿಗೆ ಆಫೀಸಿನವಳಾಗು ಎಂದೆ.

"ಹಲೋ, ನಮ್ಮವರ ಹಡಗಿನ ಹತ್ತಿರ ಬಾಂಬ್ ಬಿತ್ತಂತೆ, ನಿಜವಾ?"

"ಮ್ಯಾಡಮ್, ನಿಮ್ಮ ಭಾವನೆಗಳು ನಮಗೆ ಅರ್ಥ ಆಗ್ತವೆ."

"ಬಾಂಬ್ ಬಿತ್ತೋ ಇಲ್ವೋ?"

"ಸಂಬಂಧಪಟ್ಟ ವಿಭಾಗದವರು ನಿಮ್ಮ ಜೊತೆ ಮಾತಾಡ್ತಾರೆ."

"ನೀವೇ ಅಲ್ವೇನಮ್ಮ ಆ ವಿಭಾಗ?"

ಎಲ್ಲರೂ ನಕ್ಕರು. ಪಾಪ, ಆ ಹುಡುಗಿಯ ಮುಖ ಕೆಂಪಾಯಿತು. ನಾನು ಹೇಳಬೇಕಾಗಿದ್ದುದು ಬಹಳ ಸರಳವಾದದ್ದು. ಗೊತ್ತಿರುವುದನ್ನು ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮತ್ತೆ ಯಾವಾಗ ಫೋನ್ ಮಾಡುತ್ತೀರೆಂದು ಹೇಳಿ, ಸುದ್ದಿ ಇಲ್ಲದಿದ್ದರೂ ಆ ಹೊತ್ತಿಗೆ ಮಾಡಿ. ಅಳುವವರನ್ನು ಅಳಲು ಬಿಡಿ.

ನನಗೆ ಫೋನ್ ಮಾಡಿ ಕರೆಸಿದ್ದ ಎಚ್‌ಆರ್ ಹುಡುಗಿ ಎದ್ದು ನಿಂತಳು. "ಮ್ಯಾಮ್, ಸಾರಿ, ಆದರೆ ಲೀಗಲ್‌ನವರು ಒಪ್ಪಿರೋದು ಒಂದೇ ವಾಕ್ಯ. ಎಲ್ಲರೂ ಸುರಕ್ಷಿತವಾಗಿದ್ದಾರೆ, ಅಷ್ಟೆ. ಬೇರೆ ಏನೂ ಹೇಳೋ ಹಾಗಿಲ್ಲ."

"ಹೇಳೋದು ಅಷ್ಟೇ ಅಂದ್ಮೇಲೆ ನನ್ನನ್ನ ಯಾಕೆ ಕರೆಸಿದ್ರಿ?"

"ಅದನ್ನೇ ಪ್ರೀತಿಯಿಂದ ಹೇಳೋದು ಕಲಿಸಿ ಮ್ಯಾಮ್."

ಅವಳು ತಮಾಷೆ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಎದುರು ಕೂತಿದ್ದ ಹಿರಿಯರೊಬ್ಬರ ಫೋನು ಮತ್ತೆ ಹೊಡೆದುಕೊಂಡಿತು. ಅವರು ಉಡುಪಿ ಕಡೆಯವರು. ಬಹಳ ವರ್ಷ ಹಡಗಿನಲ್ಲೇ ಇದ್ದು, ಬೆನ್ನುನೋವು ಹೆಚ್ಚಾಗಿ ದಡ ಸೇರಿ, ಈಗ ಯಾರನ್ನು ಯಾವ ಹಡಗಿಗೆ ಹತ್ತಿಸುವುದು ಎಂದು ನೋಡಿಕೊಳ್ಳುವವರು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. "ಎತ್ತಿ, ಪರವಾಗಿಲ್ಲ," ಎಂದೆ. ಎತ್ತಿದರು. ತುಳುವಿನಲ್ಲಿ ಏನೋ ಹೇಳಿ, ನಾನು ಕೇಳುತ್ತಿದ್ದೇನೆಂದೋ ಏನೋ, ಕೊನೆಯ ಮಾತನ್ನು ಕನ್ನಡದಲ್ಲೂ ಹೇಳಿದರು: "ಎಲ್ಲ ಸರಿ ಉಂಟು, ನೀನು ಮನೆಗೆ ಹೋಗು." ಇಟ್ಟರು.

"ಸರಿ ಇದೆಯಾ ಅಲ್ಲಿ?" ಎಂದೆ.

"ನನಗೆಂತ ಗೊತ್ತು ಮೇಡಮ್? ನಿನ್ನೆಯಿಂದ ಕ್ಯಾಪ್ಟನ್ ಮೆಸೇಜ್ ನೋಡ್ಲೇ ಇಲ್ಲ."

ಗ್ರೂಪ್ ಫೋಟೋಕ್ಕೆ ನಿಂತಿದ್ದಾಗ ರಿಸೆಪ್ಷನ್ ಕಡೆಯಿಂದ ಗಲಾಟೆ ಕೇಳಿಸಿತು. ಉಡುಪಿಯವರಿಗೆ ಫೋನ್ ಮಾಡಿದವಳು ಕೆಳಗಿನ ಗೇಟಿನಿಂದಲೇ ಮಾಡಿದ್ದಳು. ಮನೆಗೆ ಹೋಗು ಎಂದರೂ ಮೇಲೆ ಬಂದಿದ್ದಳು. ಚೆಂಬೂರಿನ ಒಂದು ಬಾಲವಾಡಿಯಲ್ಲಿ ಟೀಚರ್, ನಲವತ್ತರ ಆಸುಪಾಸು, ಶಾಲೆಯ ಸೀರೆಯಲ್ಲೇ ಬಂದಿದ್ದಳು. ಗಂಡ ಹಡಗಿನಲ್ಲಿ ಅಡುಗೆಯವನು. ಹಡಗು ಹತ್ತುವ ಮೊದಲು ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಮನೆಯ ಭಟ್ಟಿ ನೋಡಿಕೊಂಡಿದ್ದನಂತೆ.

ಎಚ್‌ಆರ್ ಹುಡುಗಿ ನನ್ನ ತೋಳು ಹಿಡಿದಳು. "ಮ್ಯಾಮ್, ನಮ್ಮ ಲಕ್. ನೀವು ಇಲ್ಲೇ ಇದ್ದೀರಿ. ಸ್ವಲ್ಪ ಕೌನ್ಸೆಲ್ ಮಾಡಿಬಿಡಿ ಪ್ಲೀಸ್."

ಸಿಟ್ಟು ನೆತ್ತಿಗೇರಿತು. ಆ ಹೆಂಗಸಿಗೆ ಕಾಯಿಲೆ ಏನಿತ್ತು? ಗಂಡ ಬದುಕಿದ್ದಾನೋ ಇಲ್ಲವೋ ಎಂದು ಕೇಳಲು ಬಂದಿದ್ದಳು. ಉತ್ತರ ಇರುವವರು ಉತ್ತರ ಕೊಡದೆ, ನನ್ನನ್ನು ನಡುವೆ ನಿಲ್ಲಿಸಲು ಹೊರಟಿದ್ದರು. ನನ್ನ ವೃತ್ತಿಯನ್ನು ಜನ ಹೀಗೇ ಬಳಸುತ್ತಾರೆ, ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆದರೂ ಅವಳ ಹತ್ತಿರ ಹೋದೆ. ಹೋಗದೆ ಇರಲು ಆಗಲಿಲ್ಲ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನೀವು ಯಾರು? ಡಾಕ್ಟ್ರಾ? ನನಗೆ ತಲೆ ಸರಿ ಇಲ್ಲ ಅಂತ ಕರೆಸಿದ್ದಾ?"

"ಅಲ್ಲಮ್ಮ. ಇವರಿಗೆ ನಿಮ್ಮಂಥವರ ಜೊತೆ ಮಾತಾಡೋದು ಹೇಗೆ ಅಂತ ಕಲಿಸೋಕೆ ಬಂದಿದ್ದೆ."

"ಕಲಿತ್ರಾ?"

"ಇಲ್ಲ."

ಅವಳ ಮುಖದ ಬಿಗಿ ಸ್ವಲ್ಪ ಸಡಿಲಿತು. ಉಡುಪಿಯವರನ್ನು ಕರೆದು ಮೂವರೂ ಸಣ್ಣದೊಂದು ಕೋಣೆಯಲ್ಲಿ ಕೂತೆವು. ಅವರಿಬ್ಬರ ನಡುವೆ ತುಳು. ನಾನು ಇದ್ದೇನೆಂದು ಕನ್ನಡಕ್ಕೆ ಬಂದರು. ಗಂಡ ಮೊನ್ನೆ ಕಳಿಸಿದ್ದ ವಾಯ್ಸ್ ಮೆಸೇಜನ್ನು ಅವಳು ಫೋನಿನಲ್ಲಿ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ಹಡಗಿಗೆ ಏನೋ ಬಂದು ಬಡಿದು ಹೊತ್ತಿ ಉರಿದದ್ದನ್ನು ಅವನು ನೋಡಿದ್ದ. ಕುಡಿಯುವ ನೀರನ್ನು ಅಳೆದು ಕೊಡುತ್ತಿದ್ದಾರೆ ಎಂದಿದ್ದ. ಕೊನೆಯಲ್ಲಿ, "ಅಣ್ಣನತ್ರ ಕೇಳು, ನನ್ನ ಬದಲಿಗೆ ಬರುವವ ಯಾವಾಗ ಬರ್ತಾನೆ ಅಂತ."

"ಕೇಳಿಸ್ತಾ ಅಣ್ಣ? ಇಷ್ಟಾಗಿದೆ. ನೀವು ಎಲ್ಲ ಸರಿ ಉಂಟು ಅಂತೀರಿ."

ಉಡುಪಿಯವರು ತಲೆ ಎತ್ತಲಿಲ್ಲ. ಕಲಿಸುವ ಕೆಲಸದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ.

"ನೋಡು ತಂಗಿ," ಎಂದರು ಕೊನೆಗೆ. "ಅವನ ಕಾಂಟ್ರಾಕ್ಟ್ ಮುಗಿದದ್ದು ಹೌದು. ಇನ್ನು ಸ್ವಲ್ಪ ದಿನ ಇರು ಅಂತ ನಾನೇ ಹೇಳಿದ್ದು. ಯುದ್ಧ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು? ಈಗ ಬದಲಿಗೆ ಹೋಗ್ಲಿಕ್ಕೆ ಯಾರೂ ಒಪ್ಪುವುದಿಲ್ಲ. ಕೇಳಿದವರೆಲ್ಲ ಆಗುವುದಿಲ್ಲ ಅಂದ್ರು. ಅವರಿಗೂ ಹೆಂಡ್ತಿ ಮಕ್ಕಳುಂಟು. ಒಪ್ಪಿದ್ರೂ ಹಡಗಿನವರೆಗೆ ಹೋಗ್ಲಿಕ್ಕೆ ಬೋಟ್ ಬಿಡುವುದಿಲ್ಲ."

"ಬದುಕಿದ್ದಾರಾ?"

"ನಿನ್ನೆಯವರೆಗೆ ಎಲ್ಲರೂ ಇದ್ದಾರೆ. ಇವತ್ತಿನದ್ದು ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

ದೊಡ್ಡ ದೇಹದ ಮನುಷ್ಯ, ಕನ್ನಡಕ ತೆಗೆದು ಅಂಗೈಯಿಂದ ಕಣ್ಣು ಒತ್ತಿಕೊಂಡರು. ಅವಳೂ ಅತ್ತಳು. ಅಷ್ಟರಲ್ಲಿ ಎಚ್‌ಆರ್ ಹುಡುಗಿ ಬಾಗಿಲು ತೆರೆದು ಎಲ್ಲ ಓಕೆನಾ ಎಂದು ಇಣುಕಿದಳು. ನಾನು ಎದ್ದು ಹೋಗಿ ಬಾಗಿಲು ಹಾಕಿದೆ, ಸ್ವಲ್ಪ ಜೋರಾಗಿಯೇ.

"ಇದನ್ನು ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು ಅಣ್ಣ?" ಎಂದಳು ಅವಳು ಕಣ್ಣೊರೆಸಿಕೊಂಡು.

"ಹೆದರಿಕೆ ಮಾರಾಯ್ತಿ. ಮತ್ತೆಂತ?"

ದಿನಾ ಸಂಜೆ ಅವಳು ಶಾಲೆಯಿಂದ ಮನೆ ಸೇರಿದ ಮೇಲೆ ತಾವೇ ಫೋನ್ ಮಾಡುತ್ತೇನೆ, ಸುದ್ದಿ ಇಲ್ಲದಿದ್ದರೆ ಇಲ್ಲವೆಂದೇ ಹೇಳುತ್ತೇನೆ ಎಂದರು. ಅವಳು ಒಪ್ಪಿ ಹೋದಳು. ಇಡೀ ಬೆಳಗಿನ ತರಬೇತಿಯಲ್ಲಿ ಆದದ್ದು ಇದೊಂದೇ ಕೆಲಸ. ಅದೂ ಫೋಟೋ ತೆಗೆದು ಮುಗಿದ ಮೇಲೆ.

ಮರುದಿನ ದೊಡ್ಡ ಸಾಹೇಬರೇ ಫೋನ್ ಮಾಡಿದರು. ನಾನು ಒಪ್ಪಿದ ವಿಷಯ ಬಿಟ್ಟು ಹೋದೆನಂತೆ. ಸಿಬ್ಬಂದಿಯ ಉತ್ಸಾಹ ಕುಗ್ಗಿಸಿದೆನಂತೆ. ಇನ್ನೊಂದು ಬ್ಯಾಚಿಗೆಂದು ಮಾತಾಗಿದ್ದ ತರಬೇತಿ ರದ್ದು. ಅದರ ಬದಲು ಯಾರೋ ನಗೆಯೋಗದವರನ್ನು ಕರೆಸುತ್ತಾರೆಂದು ಆಮೇಲೆ ತಿಳಿಯಿತು. ಆ ದಿನ ಪೂರ್ತಿ ಎದುರಿಗೆ ಸಿಕ್ಕಿದವರ ಮೇಲೆಲ್ಲ ಹರಿಹಾಯ್ದೆ. ಮನೆಯಲ್ಲಿ ನನ್ನ ಗಂಡ, "ಕೌನ್ಸೆಲರ್ ಹತ್ರ ಹೋಗ್ತೀಯಾ?" ಎಂದ. ಮಾತು ಬಿಟ್ಟೆ.

ಆ ವಾರದ ಕೊನೆಯಲ್ಲಿ ಉಡುಪಿಯವರು ಕ್ಲಿನಿಕ್ಕಿಗೆ ಬಂದರು, ಜೊತೆಗೆ ಇಬ್ಬರು ಸಹೋದ್ಯೋಗಿಗಳು. "ಆಫೀಸಿಗೆ ಹೇಳಿಲ್ಲ ಮೇಡಮ್. ನಮಗೇ ಬೇಕು ಅನ್ನಿಸಿತು." ಅಂದಿನಿಂದ ಯುದ್ಧ ನಿಲ್ಲುವವರೆಗೂ ವಾರಕ್ಕೊಮ್ಮೆ ಕೆಲಸ ಮುಗಿಸಿ ಬರುತ್ತಿದ್ದರು. ದಾದರಿನಲ್ಲಿ ಲೋಕಲ್ ಟ್ರೈನ್ ಬದಲಿಸಿ, ಜನರ ನಡುವೆ ನುಜ್ಜುಗುಜ್ಜಾಗಿ, ಬೆವರಿ ಬಂದು ಕೂರುತ್ತಿದ್ದರು. ಆ ವಾರದ ಫೋನುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಎಲ್ಲಿ ಸುಳ್ಳು ಬಾಯಿಗೆ ಬಂತು, ಎಲ್ಲಿ ಧೈರ್ಯ ತಗೊಳ್ಳಿ ಎಂದು ಹೇಳಿ ಜಾರಿಕೊಂಡೆವು, ಹೀಗೆ. ಹಾಗೆ ಹೇಳುವಾಗಲೇ ಗೊತ್ತಾದದ್ದು, ಅವರ ಸ್ಥಿತಿ ಮನೆಯವರಿಗಿಂತ ಉತ್ತಮವಿರಲಿಲ್ಲ. ಒಬ್ಬಳಿಗೆ ಬೆಳಿಗ್ಗೆ ಆಫೀಸಿನ ಲಿಫ್ಟ್ ಹತ್ತಿದೊಡನೆ ವಾಂತಿ ಬರುತ್ತಿತ್ತು. ಇವರಿಗೆ ಬೇಕಾಗಿದ್ದುದು ಕೂತು ಮಾತಾಡಲು ಒಂದು ಜಾಗ. ಅದು ಅವರ ಆಫೀಸಿನ ಅಷ್ಟು ಕೋಣೆಗಳಲ್ಲಿ ಒಂದರಲ್ಲೂ ಇರಲಿಲ್ಲ ಎಂಬುದೇ ನನ್ನ ಕೋಪ.

ಒಂದು ಸಂಜೆ ಅವರ ಹಿಂದೆಯೇ ಎಚ್‌ಆರ್ ಹುಡುಗಿಯೂ ಒಳಗೆ ಬಂದಳು. ಬಾಗಿಲಲ್ಲೇ ನಿಂತು, "ಮ್ಯಾಮ್, ಕೂರಬಹುದಾ?" ಎಂದಳು. ಅಂದು ಒಬ್ಬ ನಾವಿಕನ ತಂದೆ ಫೋನಿನಲ್ಲಿ ಅವಳಿಗೆ, ನಿನಗೂ ಹೀಗೇ ಆಗಲಿ ಎಂದು ಶಾಪ ಹಾಕಿದ್ದರಂತೆ. ಲೀಗಲ್‌ನವರ ವಾಕ್ಯವನ್ನೇ ಅವಳು ಹೇಳಿದ್ದಳು, ಆದಷ್ಟು ಪ್ರೀತಿಯಿಂದಲೇ. ಅವಳ ಮೇಲೆ ಕೂಗಾಡಬೇಕೆಂದು ನಾನು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದ ಮಾತುಗಳೆಲ್ಲ ವ್ಯರ್ಥವಾದವು. ಉಡುಪಿಯವರು ತಮ್ಮ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಆಮೇಲೆ ಲೀಗಲ್‌ನವರ ಹಿಂದೆ ಬಿದ್ದು, ಗೊತ್ತಿಲ್ಲ ಎಂದು ಹೇಳುವ ಅನುಮತಿಯನ್ನು ತಂದವಳು ಅವಳೇ.

ಅಡುಗೆಯವನು ಮಳೆಗಾಲಕ್ಕೆ ಮೊದಲು ಬಂದ. ಬೋಟು ಬಿಡಲು ಶುರುವಾದಾಗ ಇಳಿದವರಲ್ಲಿ ಅವನೂ ಇದ್ದ. ಸಂತೋಷದ ಸುದ್ದಿ ಹೇಳಿದ ಹೆಂಡತಿಯೇ ಸ್ವಲ್ಪ ದಿನದಲ್ಲಿ ಮತ್ತೆ ಫೋನ್ ಮಾಡಿದಳು. "ಮೇಡಮ್, ಈ ಮನುಷ್ಯ ಮತ್ತೆ ಹಡಗು ಹತ್ತುತ್ತೇನೆ ಅಂತಾರೆ. ನೀವೇ ಹೇಳಿ."

ಅವನು ಬಂದ, ಸಣ್ಣ ಆಳು, ಮೆತ್ತನೆಯ ಮಾತು. ಪಕ್ಕದ ಹಡಗು ಉರಿದದ್ದರ ಬಗ್ಗೆ ಅವನು ಹೆಚ್ಚು ಹೇಳಲಿಲ್ಲ. ಊಟದ ಬಗ್ಗೆ ಹೇಳಿದ. ನೀರು ಅಳೆದು ಕೊಡುವ ದಿನಗಳಲ್ಲೂ ಇವನು ಹೇಗೋ ಅನ್ನ ಸಾರು ಮಾಡಿ ಇಟ್ಟರೆ, ಹುಡುಗರು ಹಸಿವಿಲ್ಲ ಎಂದು ತಟ್ಟೆ ತಳ್ಳುತ್ತಿದ್ದರಂತೆ. "ನನಗೆ ಬಾಂಬಿಗಿಂತ ಅದರಿಂದ ಸಿಟ್ಟು ಬರ್ತಿತ್ತು ಮೇಡಮ್. ಬೈದು ಬೈದು ತಿನ್ನಿಸಿದೆ. ಇಲ್ಲಿ ಬಂದ್ರೆ ಎಲ್ಲರೂ ನನಗೆ ತಿನ್ನಿಸ್ತಾರೆ. ಹೇಗಿದ್ದಿ, ಹೇಗಿದ್ದಿ ಅಂತ ಕೇಳ್ತಾರೆ. ತಲೆ ಹಾಳಾಗ್ತದೆ."

ಕೆಲವು ವಾರ ಬಂದ. ನಿದ್ದೆ ಮರಳಿತು. ಬಸ್ಸಿನ ಟೈರು ಒಡೆದರೆ ಕುಸಿದು ಕೂರುವುದು ನಿಂತಿತು. ಹೋಗಬೇಡ ಎಂದು ಹೇಳುವುದು ನನ್ನ ಕೆಲಸವಲ್ಲ, ಹೋಗು ಎಂದೂ ಹೇಳಲಿಲ್ಲ. ಯಾಕೆ ಹೋಗುತ್ತೀ ಎಂದು ಮಾತ್ರ ಕೇಳುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಬೇರೆ ದಿಕ್ಕಿಗೆ ಹೋಗುವ ಹಡಗೊಂದನ್ನು ಹತ್ತಿದ. ಹತ್ತಿಸಿದವರು ಉಡುಪಿಯವರೇ, ಅವನ ಹೆಂಡತಿಯನ್ನು ಮೊದಲು ಕೇಳಿ, ಅವಳಿಂದ ಬೈಗುಳ ತಿಂದು.

"ಅಷ್ಟು ವಾರ ಮಾತಾಡಿಸಿ, ಗಟ್ಟಿ ಮಾಡಿ, ಕಳಿಸಿಯೇ ಬಿಟ್ರಲ್ಲ!" ಎಂದಳು ನನಗೆ. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಅವಳು ಈಗಲೂ ಆಗಾಗ ಶಾಲೆ ಬಿಟ್ಟ ಮೇಲೆ ಕ್ಲಿನಿಕ್ಕಿಗೆ ಬರುತ್ತಾಳೆ. ಗಂಡನ ವಿಷಯ ಕಡಿಮೆ. ಹೆಚ್ಚಾಗಿ ಬಾಲವಾಡಿಯ ಹೆಡ್‌ಮಿಸ್ಟ್ರೆಸ್ಸನ್ನು ಬೈಯುತ್ತಾಳೆ, ಚಹಾ ಕುಡಿಯುತ್ತಾಳೆ, ಹಾರ್ಬರ್ ಲೈನಿನ ಲೋಕಲ್ ಟ್ರೈನಿಗೆ ತಡವಾಯಿತೆಂದು ನನ್ನನ್ನೂ ಬೈದು ಎದ್ದು ಹೋಗುತ್ತಾಳೆ.